ಹಾಲ್ವಿಕ್ ಹೇಳಿದ ಹೊತ್ತು

ನಮ್ಮಪ್ಪ ಒಂದೇ ಜೊತೆ ಬೂಟಿನಲ್ಲಿ ಮೂವತ್ತೊಂದು ಚಳಿಗಾಲ ಕಳೆದ. ಹಾಲ್ವಿಕ್ ಕಂಪನಿಯ ಬೂಟು. ಮೂರು ಸಲ ಅಟ್ಟೆ ಬದಲಾಯಿಸಿದ್ದ, ಒಳಗೆ ಒಂದು ಹನಿ ನೀರು ಇಳಿದಿರಲಿಲ್ಲ. ಅವನ ಚಾಕು ಹಾಲ್ವಿಕ್, ಉಣ್ಣೆ ಕೋಟು ಹಾಲ್ವಿಕ್. ಹೀಗಾಗಿ ಹೋದ ಅಕ್ಟೋಬರಿನಲ್ಲಿ ಬೇಟೆ ಸಾಮಾನಿನ ಅಂಗಡಿಗೆ ಹೋದಾಗ, ಮರಕ್ಕೆ ಕಟ್ಟಿದರೆ ಹಾದುಹೋಗುವ ಜಿಂಕೆಯ ಚಿತ್ರವನ್ನು ತಾವೇ ತೆಗೆಯುವ ಕ್ಯಾಮೆರಾಗಳು ಗೋಡೆ ತುಂಬ ನೇತಾಡುತ್ತಿದ್ದರೂ ನಾನು ಯಾರನ್ನೂ ಕೇಳಲಿಲ್ಲ, ಏನನ್ನೂ ಓದಲಿಲ್ಲ. ಹಾಲ್ವಿಕ್ ಎಂಬ ಹೆಸರು ಕಂಡಿತು, ಎತ್ತಿಕೊಂಡು ಬಂದೆ. ಅರವತ್ತಮೂರು ವರ್ಷದ ಹೆಂಗಸು ನಾನು, ಹನ್ನೆರಡನೇ ವಯಸ್ಸಿನಿಂದ ಜಿಂಕೆ ಹೊಡೆಯುತ್ತಿದ್ದೇನೆ. ನನಗೂ ಮಂಕುಬೂದಿ ಎರಚಿದರಲ್ಲ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ತಮ್ಮ ಅರ್ವೊ ಅದನ್ನು ನೋಡಿದ ದಿನವೇ ನಕ್ಕಿದ್ದ. ಅವನದು ಅಂಗಡಿಯ ಬಾಗಿಲ ಬಳಿ ಬುಟ್ಟಿಯಲ್ಲಿ ರಾಶಿ ಹಾಕಿದ್ದ, ಹೆಸರೂ ದಿಕ್ಕೂ ಇಲ್ಲದ ಕ್ಯಾಮೆರಾ. ಎರಡನ್ನೂ ಒಂದೇ ಕಾಲುದಾರಿಯಲ್ಲಿ, ಎದುರು ಬದುರು ಮರಗಳಿಗೆ ಕಟ್ಟಿದೆವು.

"ಅಕ್ಕ, ಇಷ್ಟು ದುಡ್ಡು ಸುರಿದು ತಂದಿದೀಯಲ್ಲ, ಇದು ಜಿಂಕೆನ ಕೈ ಹಿಡ್ಕೊಂಡು ಕರ್ಕೊಂಡು ಬರುತ್ತಾ?"

"ನಿನ್ನ ಆ ಡಬ್ಬಕ್ಕಿಂತ ವಾಸಿ, ಸುಮ್ನಿರೋ. ಅದಕ್ಕೊಂದು ಹೆಸರಾದ್ರೂ ಇದ್ಯಾ?"

"ನಾನೇ ಇಟ್ಟಿದೀನಿ. ಮುಮ್ಮು ಅಂತ."

ಮುಮ್ಮು ಅಂದರೆ ನಾವು ನಮ್ಮ ಅಜ್ಜಿಯನ್ನು ಕರೆಯುತ್ತಿದ್ದ ಹೆಸರು. "ಅಜ್ಜಿ ಥರಾನೇ ಇದೂ. ಎಲ್ಲಾ ನೋಡ್ತಿರುತ್ತೆ, ಬಾಯಿ ಬಿಡಲ್ಲ," ಎಂದ. ಚಳಿಯಲ್ಲಿ ಕೈಗವಸು ಬಿಚ್ಚಿ, ಹಲ್ಲು ಕಚ್ಚಿಕೊಂಡು, ಅದರ ಪುಟ್ಟ ಗುಂಡಿ ಒತ್ತಿ ಒತ್ತಿ ಗಡಿಯಾರ ಹೊಂದಿಸಿದ. ನನ್ನ ಹಾಲ್ವಿಕ್‌ಗೆ ಆ ತಾಪತ್ರಯವೇ ಇರಲಿಲ್ಲ. ಡಬ್ಬಿಯ ಮೇಲೇ ಬರೆದಿತ್ತು, ಹೊತ್ತನ್ನು ಅದೇ ಹಿಡಿಯುತ್ತದೆ, ಎಂದೂ ತಪ್ಪುವುದಿಲ್ಲ ಎಂದು.

ಹೊತ್ತಿನ ವಿಷಯದಲ್ಲಿ ನಮ್ಮ ಕಡೆಯವರಷ್ಟು ಎಚ್ಚರದವರು ಇನ್ನೆಲ್ಲೂ ಇಲ್ಲ, ಎಚ್ಚರವಾಗಿರಲೇಬೇಕು. ನಮ್ಮ ಬೇಟೆ ಕ್ಯಾಂಪ್ ಇರುವುದು ಗೊಗೀಬಿಕ್ ಕೌಂಟಿಯಲ್ಲಿ. ಮೂರು ಮೈಲಿ ಪೂರ್ವಕ್ಕೆ ಹೋದರೆ ಒಂಟನಾಗನ್ ಕೌಂಟಿ. ಟೈಮಿನ ಗಡಿ ಹಾದುಹೋಗುವುದು ಇವೆರಡರ ನಡುವೆಯೇ, ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಅರ್ವೊ ಇರುವುದು ಆ ಕಡೆ. ಮದುವೆಯಿರಲಿ, ಸಾವಿರಲಿ, ಹಲ್ಲು ಕೀಳಿಸುವುದಿರಲಿ, ನಾವು ಮೊದಲು ಕೇಳುವುದು "ನಿಮ್ಮ ಟೈಮಾ, ನಮ್ಮ ಟೈಮಾ" ಎಂದು. ಕ್ಯಾಂಪಿನಲ್ಲಂತೂ ಅಪ್ಪ ಒಂದು ಕಟ್ಟಳೆ ಮಾಡಿದ್ದ. ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲು ಕೈಗಡಿಯಾರವನ್ನು ಗೋಡೆ ಗಡಿಯಾರಕ್ಕೆ ಹೊಂದಿಸಬೇಕು. ಅರ್ವೊ ಪ್ರತಿ ವರ್ಷ ಹೊಸ್ತಿಲ ಮೇಲೆ ನಿಂತು ಮುಳ್ಳು ತಿರುಗಿಸಿಯೇ ಒಳಗೆ ಬರುತ್ತಾನೆ.

ಇನ್ನೊಂದು ಕಟ್ಟಳೆ ಲೋಟಗಳದ್ದು. ಒಲೆಯ ಮೇಲಿನ ತೊಲೆಗೆ ಸಾಲಾಗಿ ಮೊಳೆಗಳಿವೆ. ಒಬ್ಬೊಬ್ಬರ ಕಾಫಿ ಲೋಟ ಒಂದೊಂದು ಮೊಳೆಯಲ್ಲಿ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ, ಅಂದರೆ ಕಾನೂನು ಕೊಟ್ಟ ಹೊತ್ತು ಮೀರಿ, ಯಾರಾದರೂ ಗುಂಡು ಹಾರಿಸಿದರೆ, ಅವರ ಲೋಟ ಕೆಳಗಿಳಿಯುತ್ತದೆ, ಅವರು ಮತ್ತೆ ಆ ಮಾಡಿನ ಕೆಳಗೆ ಬರುವುದಿಲ್ಲ. ಅಪ್ಪ ಸ್ವಂತ ತಮ್ಮನ ಲೋಟವನ್ನೇ ಇಳಿಸಿದ್ದ. ಐವತ್ತು ವರ್ಷವಾಯಿತು, ಚಿಕ್ಕಪ್ಪನ ಮೊಳೆ ಇನ್ನೂ ಖಾಲಿ ಇದೆ. ಅರ್ವೊನ ಮೊಳೆಯಲ್ಲಿದ್ದದ್ದು ಒಂದು ನೀಲಿ ಎನಾಮಲ್ ಲೋಟ. ಎಂಟು ವರ್ಷದ ಹಿಂದೆ ಅವನು ಕುಡಿತ ಬಿಟ್ಟಾಗ ನಾನೇ ತಂದುಕೊಟ್ಟದ್ದು. ಕುಡಿಯುತ್ತಿದ್ದ ಕಾಲದಲ್ಲಿ ಅವನು ಹೇಳದ ಸುಳ್ಳಿಲ್ಲ, ಹೆಚ್ಚಿನವು ನನಗೇ ಹೇಳಿದವು. ಆಮೇಲೆ ಒಂದೂ ಇಲ್ಲ.

ನವೆಂಬರ್ ಹದಿನೈದು, ಜಿಂಕೆ ಬೇಟೆಯ ಋತುವಿನ ಮೊದಲ ದಿನ. ಮಧ್ಯಾಹ್ನ ನಾನು ಬ್ರೆಡ್ಡು, ಸೀಮೆಎಣ್ಣೆ ತರಲು ಪೇಟೆಗೆ ಹೋದೆ. ನನ್ನ ಗಂಡ ರೋಲಂಡ್ ಕಿವಿಯ ಯಂತ್ರ ತೆಗೆದಿಟ್ಟು ಕ್ಯಾಂಪಿನಲ್ಲಿ ಮಲಗಿದ್ದ. ನಾನು ಆರು ಗಂಟೆಗೆ ಮರಳಿದಾಗ ಅರ್ವೊ ಹಣೆಗೆ ದೀಪ ಕಟ್ಟಿಕೊಂಡು ಜಿಂಕೆಯನ್ನು ಹಿಮದಲ್ಲಿ ಎಳೆದುಕೊಂಡು ಬರುತ್ತಿದ್ದ. ಹತ್ತು ಕವಲಿನ ಕೊಂಬು, ನಾವು ನಾಲ್ಕು ವರ್ಷದಿಂದ ಕಾಯುತ್ತಿದ್ದ ಗಂಡು. ಮೂವರೂ ಸೇರಿ ತೊಲೆಗೆ ನೇತುಹಾಕಿದೆವು. ಅರ್ವೊನ ಮುಖ ಊರಗಲವಾಗಿತ್ತು.

ಹಾಲ್ವಿಕ್ ದಿನದ ಚಿತ್ರಗಳನ್ನೆಲ್ಲ ಕೂಡಿಟ್ಟುಕೊಂಡು ಮಾರನೆಯ ಬೆಳಿಗ್ಗೆ ಒಟ್ಟಿಗೆ ಫೋನಿಗೆ ಕಳಿಸುತ್ತದೆ. ಬೆಳಿಗ್ಗೆ ಒಲೆಯಿಂದ ಪನ್ನುಕಾಕ್ಕು ಎಂಬ ಹಾಲು ಮೊಟ್ಟೆಯ ದಪ್ಪ ರೊಟ್ಟಿ ತೆಗೆದು, ಕತ್ತರಿಸಿ, ಜಾಮು ಹಾಕಿ ಇಬ್ಬರಿಗೂ ಕೊಟ್ಟೆ. ಆಮೇಲೆ ಫೋನು ನೋಡಿದೆ. ಕಪ್ಪು ಬಿಳುಪು ಚಿತ್ರ. ಕಾಡೆಲ್ಲ ಕತ್ತಲು, ನಡುವೆ ಬಿದ್ದ ಜಿಂಕೆ, ಪಕ್ಕದಲ್ಲಿ ಮಂಡಿಯೂರಿದ ನನ್ನ ತಮ್ಮ. ಕೆಳಗೆ ಹಾಲ್ವಿಕ್ ಎಂಬ ಹೆಸರು, ಅದರ ಪಕ್ಕ ಸಂಜೆ ಐದು ಮೂವತ್ತೊಂದು. ಬಂದೂಕು ಇಳಿಸಬೇಕಾದದ್ದು ಐದಕ್ಕೆ ಎಂಟು ನಿಮಿಷ ಇರುವಾಗಲೇ.

"ಅರ್ವೊ, ನಿನ್ನೆ ಎಷ್ಟೊತ್ತಿಗೆ ಹೊಡ್ದೆ?"

"ನಾಲ್ಕೂವರೆಗೆ. ನಿನ್ನೇನೇ ಹೇಳಿದ್ನಲ್ಲ."

ಫೋನನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ಅವನು ಬಾಗಿ ನೋಡಿದ, ಮತ್ತೆ ನೋಡಿದ.

"ಇದು ತಪ್ಪು ತೋರಿಸ್ತಿದೆ."

"ಹಾಲ್ವಿಕ್ ತಪ್ಪು ತೋರಿಸುತ್ತಾ?"

"ಹಾಲ್ವಿಕ್ಕೋ ಪಾಲ್ವಿಕ್ಕೋ. ನಾನು ಗಡಿಯಾರ ನೋಡೇ ಹೊಡ್ದಿದ್ದು. ಮುಮ್ಮು ಎದುರಿಗೇ ಇದೆಯಲ್ಲ, ಹೋಗಿ ಅದನ್ನ ನೋಡು."

"ಆ ಬುಟ್ಟಿ ಮಾಲು ನಂಗೆ ಸಾಕ್ಷಿ ಹೇಳ್ಬೇಕಾ? ನೋಡೋ ಇಲ್ಲಿ, ಗವ್ವೆನ್ನೋ ಕತ್ಲು. ಕ್ಯಾಮೆರಾಗೆ ಸುಳ್ಳು ಹೇಳಿ ಏನಾಗ್ಬೇಕು?"

"ನಂಗೆ ಏನಾಗ್ಬೇಕು?"

"ನಿಂಗದು ಹೊಸದಲ್ವಲ್ಲ."

ರೋಲಂಡ್ ಚಮಚ ಕೆಳಗಿಟ್ಟ. "ಸೈಮಾ, ಅವನು ಹೇಳೋದನ್ನೂ ಸ್ವಲ್ಪ ಕೇಳು," ಎಂದ. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಪ್ಪನ ಕ್ಯಾಂಪು, ಅಪ್ಪನ ಕಟ್ಟಳೆ, ನನ್ನ ಕಣ್ಣೆದುರೇ ಗಾಳಿಗೆ ತೂರಿದ್ದಾನೆ, ಮೇಲೆ ತಿಂಡಿ ತಿನ್ನುತ್ತ ಸುಳ್ಳು ಬೇರೆ ಹೇಳುತ್ತಿದ್ದಾನೆ ಎಂದು ರಕ್ತ ಕುದಿಯುತ್ತಿತ್ತು. ಆ ಕುದಿಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು:

"ಕುಡ್ದಿದ್ಯಾ?"

ಅರ್ವೊ ಎದ್ದ. ತಟ್ಟೆಯನ್ನು ತೊಳೆದಿಟ್ಟ, ಕೋಟು ಹಾಕಿಕೊಂಡ, ಬಂದೂಕು ಚೀಲಕ್ಕೆ ಸೇರಿಸಿದ. ನಾನು ನೀಲಿ ಲೋಟವನ್ನು ಮೊಳೆಯಿಂದ ತೆಗೆದು ಅವನತ್ತ ಚಾಚಿದೆ. ತೆಗೆದುಕೊಳ್ಳಲಿಲ್ಲ. ಜಿಂಕೆಯನ್ನೂ ಮುಟ್ಟದೆ ಗಾಡಿ ಹತ್ತಿ ಹೊರಟುಹೋದ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಾನು ಕಳ್ಳಬೇಟೆಯ ದೂರಿನ ನಂಬರಿಗೆ ಫೋನು ಮಾಡಿದೆ. ನನ್ನ ಸ್ವಂತ ತಮ್ಮನ ಹೆಸರು, ವಿಳಾಸ, ಗಾಡಿಯ ಬಣ್ಣ ಎಲ್ಲ ಹೇಳಿದೆ. ರೋಲಂಡ್ ಹೊರಗೆ ಹೋಗಿ ಸುಮ್ಮನೆ ಸೌದೆ ಒಡೆಯುತ್ತಿದ್ದ.

ಮಧ್ಯಾಹ್ನ ಬಂದ ವನ್ಯಜೀವಿ ಇಲಾಖೆಯ ಅಧಿಕಾರಿ ಡೆಲೋರ್ಮ್ ಎಂಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಜಿಂಕೆ ನೋಡಿದಳು, ಅದರ ಕೊಂಬಿಗೆ ಕಟ್ಟಿದ್ದ ಅರ್ವೊನ ಪರವಾನಗಿ ಚೀಟಿ ನೋಡಿದಳು, ನನ್ನ ಫೋನಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಮೇಡಂ, ಇದಕ್ಕೆ ಟೈಮ್ ಹೊಂದಿಸಿದ್ದು ಯಾರು?"

"ಯಾರೂ ಹೊಂದಿಸ್ಬೇಕಾಗಿಲ್ಲಮ್ಮ. ಇದು ಹಾಲ್ವಿಕ್. ಅದೇ ಹಿಡ್ಕೊಳುತ್ತೆ."

"ಎಲ್ಲಿಂದ ಹಿಡ್ಕೊಳುತ್ತೆ?"

"ಫೋನಿನ ಟವರಿಂದ."

"ಯಾವ ಟವರು?"

ನಾನು ಕೈ ಎತ್ತಿ ತೋರಿಸಿದೆ. ಇಲ್ಲಿಗೆ ಇರುವುದು ಒಂದೇ ಟವರು, ಪೂರ್ವದ ಗುಡ್ಡದ ಮೇಲೆ, ತುದಿಯಲ್ಲಿ ಕೆಂಪು ದೀಪ. ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಆ ಗುಡ್ಡ ಒಂಟನಾಗನ್‌ನಲ್ಲಿದೆ.

"ಹಾಗಾದ್ರೆ ಇದು ನಿಮ್ಮ ಟೈಮಾ, ಅವರ ಟೈಮಾ?" ಎಂದು ಡೆಲೋರ್ಮ್ ಮೆಲ್ಲಗೆ ಕೇಳಿದಳು.

ಹುಟ್ಟಿದಾಗಿನಿಂದ ಎಲ್ಲರನ್ನೂ ನಾನು ಕೇಳಿದ ಪ್ರಶ್ನೆ ಅದು. ಪಾದ್ರಿಯನ್ನು ಕೇಳಿದ್ದೇನೆ, ಡಾಕ್ಟರನ್ನು ಕೇಳಿದ್ದೇನೆ. ಆ ಪ್ಲಾಸ್ಟಿಕ್ ಡಬ್ಬವನ್ನು ಮಾತ್ರ ಕೇಳಲಿಲ್ಲ, ಏಕೆಂದರೆ ಅದರ ಮೇಲೆ ಅಪ್ಪನ ಬೂಟಿನ ಹೆಸರಿತ್ತು.

ಇಬ್ಬರೂ ಕಾಲುದಾರಿಗೆ ಹೋದೆವು. ಡೆಲೋರ್ಮ್ ಮುಮ್ಮುವಿನ ಹೊಟ್ಟೆಯಿಂದ ಕಾರ್ಡು ತೆಗೆದು ತನ್ನ ಯಂತ್ರಕ್ಕೆ ಹಾಕಿದಳು. ಅಲ್ಲಿತ್ತು. ನಾಲ್ಕು ಮೂವತ್ತೊಂದು. ಬೆಳಕು ಇನ್ನೂ ಇದೆ, ಹಿಮ ನೀಲಿಗಟ್ಟುತ್ತಿದೆ, ಅರ್ವೊನ ಕಿತ್ತಳೆ ಅಂಗಿ ಸ್ಪಷ್ಟವಾಗಿ ಕಿತ್ತಳೆಯಾಗಿಯೇ ಇದೆ. ಅವನು ಟೋಪಿ ತೆಗೆದು ಜಿಂಕೆಯ ಕತ್ತಿನ ಮೇಲೆ ಕೈ ಇಟ್ಟಿದ್ದಾನೆ, ಅಪ್ಪ ಕಲಿಸಿದ ಹಾಗೆ. ಅದೇ ನಿಮಿಷ, ಅದೇ ಜಾಗ. ನನ್ನ ಹಾಲ್ವಿಕ್ ಕಣ್ಣಿಗೆ ಅಷ್ಟು ಬೆಳಕೂ ಸಾಲದೆ, ಸಂಜೆಯನ್ನು ರಾತ್ರಿ ಮಾಡಿತ್ತು.

"ಜಿಂಕೆ ಅವರದೇ, ಮೇಡಂ. ದೂರು ಇಲ್ಲಿಗೆ ಮುಗೀತು. ನಾನು ಹೋಗ್ತಾ ಅವರ ಮನೆಗೆ ಹೋಗಿ ಹೇಳ್ತೀನಿ," ಎಂದಳು ಡೆಲೋರ್ಮ್.

ಅವಳ ಗಾಡಿ ಮರೆಯಾಗುವುದನ್ನೂ ಕಾಯದೆ ನಾನು ಕಂಪನಿಗೆ ಫೋನು ಹಚ್ಚಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಹುಡುಗ ಸಿಕ್ಕಿದ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಹಾಗೆ ಮಾತಾಡುತ್ತಿದ್ದ.

"ಮೇಡಂ, ಗಡಿ ಹತ್ರ ಇದ್ರೆ ಟೈಮ್ ಕೈಯಲ್ಲೇ ಹೊಂದಿಸ್ಬೇಕು ಅಂತ ಪುಸ್ತಕದಲ್ಲಿ ಮೂವತ್ತನಾಲ್ಕನೇ ಪುಟದಲ್ಲಿದೆ."

"ಡಬ್ಬಿ ಮೇಲೆ ತಪ್ಪೋದೇ ಇಲ್ಲ ಅಂತ ಇದೆಯಲ್ಲಪ್ಪ. ಅದನ್ನ ಯಾಕೆ ಮೂವತ್ತನಾಲ್ಕನೇ ಪುಟದಲ್ಲಿ ಹಾಕ್ಲಿಲ್ಲ?"

"ಅದು ನಮ್ಮ ವಿಭಾಗ ಅಲ್ಲ ಮೇಡಂ."

"ನಿಮ್ಮ ಬೂಟು ಮೂವತ್ತೊಂದು ವರ್ಷ ಬಂತು ನಮ್ಮಪ್ಪನಿಗೆ. ಅಂಥ ಕಂಪನಿ ಇಂಥ ಕಸ ಮಾಡುತ್ತಾ?"

"ನಾವು ಬೂಟು ಮಾಡಲ್ಲ ಮೇಡಂ. ಆ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷ ಆಯ್ತು. ನಮ್ಮೋರು ಹೆಸರು ಮಾತ್ರ ಕೊಂಡಿರೋದು."

ಹೆಸರು ಮಾತ್ರ. ಹೊಲಿದವರು ಮನೆಗೆ ಹೋದರು, ಚರ್ಮ ಹದ ಮಾಡಿದವರು ಮನೆಗೆ ಹೋದರು, ಹೆಸರನ್ನು ಕಿತ್ತು ತಂದು ಯಾವುದೋ ಡಬ್ಬಕ್ಕೆ ಮೆತ್ತಿದರು, ನಮ್ಮಂಥವರ ಅಪ್ಪಂದಿರನ್ನು ನೆನಪಿಸಿ ಮಾರಿದರು. ನನ್ನ ಬಾಯಿಗೆ ಬಂದ ಬೈಗುಳವನ್ನೆಲ್ಲ ಆ ಹುಡುಗನ ಮೇಲೆ ಸುರಿದೆ. ಅವನು ಎಲ್ಲ ಕೇಳಿಕೊಂಡು, ಇನ್ನೇನಾದರೂ ಸಹಾಯ ಬೇಕೆ ಎಂದ. ನಾನು ಕಾಲುದಾರಿಗೆ ಮರಳಿ ಹೋಗಿ ಹಾಲ್ವಿಕ್ಕನ್ನು ಮರದಿಂದ ಕಿತ್ತು, ಅದೇ ಮರಕ್ಕೆ ಅಪ್ಪಳಿಸಿದೆ. ನಾಲ್ಕನೇ ಏಟಿಗೆ ಒಡೆಯಿತು.

ಮಾರನೆಯ ದಿನ ಜಿಂಕೆಯನ್ನು ಗಾಡಿಗೆ ಹಾಕಿಕೊಂಡು, ನೀಲಿ ಲೋಟವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅರ್ವೊನ ಮನೆಗೆ ಹೊರಟೆ. ಗಡಿ ದಾಟುತ್ತಿದ್ದಂತೆ ಗಾಡಿಯೊಳಗಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದೆ ಹಾರಿತು. ಅದು ಹಾಗೆ ಹಾರುವುದನ್ನು ನಾನು ಸಾವಿರ ಸಲ ನೋಡಿದ್ದೇನೆ.

ಅರ್ವೊ ಹೊರಗೆ ಬಂದ. ಇಬ್ಬರೂ ಜಿಂಕೆ ಇಳಿಸಿ, ಅವನ ಕೊಟ್ಟಿಗೆಯ ತೊಲೆಗೆ ಏರಿಸಿದೆವು. ಆಮೇಲೆ ಅಡುಗೆಮನೆಯಲ್ಲಿ ಕೂತು ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಟವರು ಹೇಳಿದೆ, ಮೂವತ್ತನಾಲ್ಕನೇ ಪುಟ ಹೇಳಿದೆ, ಒಂಬತ್ತು ವರ್ಷದ ಹಿಂದೆ ಮುಚ್ಚಿದ ಕಾರ್ಖಾನೆ ಹೇಳಿದೆ. ಆ ಕಂಪನಿಯನ್ನು ಬೈಯುತ್ತ ಬೈಯುತ್ತ ನನ್ನ ಧ್ವನಿ ಏರಿತು. ಅವನು ಕಾಫಿಯ ಪಾತ್ರೆ ಒಲೆಯ ಮೇಲಿಟ್ಟು, ನನಗೆ ಬೆನ್ನು ಮಾಡಿ ನಿಂತಿದ್ದ.

"ಟವರ್ ವಿಷಯ ನಂಗೂ ಹೊಳೀತು. ಅವತ್ತೇ, ಗಡಿ ದಾಟೋವಾಗ," ಎಂದ.

"ಮತ್ತೆ ಒಂದು ಫೋನ್ ಮಾಡೋದಲ್ವೇನೋ?"

"ಯಾಕ್ ಮಾಡ್ಲಿ?"

ನಾನು ಲೋಟವನ್ನು ಮೇಜಿನ ಮೇಲಿಟ್ಟೆ. "ತಪ್ಪಾಯ್ತು ಕಣೋ. ನಿನ್ನ ಮೊಳೆ ಹಾಗೇ ಇದೆ. ಇದನ್ನ ನೀನೇ ಬಂದು ತೂಗುಹಾಕು," ಎಂದೆ. "ಅವರು ಆ ಹೆಸರು ಇಟ್ಕೊಂಡು ಮೋಸ ಮಾಡ್ತಾರೆ ಅಂತ ನಂಗೇನು ಗೊತ್ತು?"

ಅರ್ವೊ ತಿರುಗಿದ. ಅವನ ಮುಖದಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೊತ್ತು ತಪ್ಪು ಹೇಳಿದ್ದು ಹಾಲ್ವಿಕ್, ಅಕ್ಕ. ಒಪ್ಕೋತೀನಿ. ಕುಡ್ದಿದ್ಯಾ ಅಂತ ಕೇಳಿದ್ದು ಯಾವ ಕಂಪನಿ?"

ಕಾಫಿ ಉಕ್ಕಿತು. ಅವನು ಒಲೆ ಆರಿಸಿ, ಗೂಡಿನಿಂದ ಎರಡು ಬಿಳಿ ಕಪ್ಪು ತೆಗೆದು ಕಾಫಿ ಬಗ್ಗಿಸಿದ, ಒಂದನ್ನು ನನ್ನ ಮುಂದೆ ಸರಿಸಿದ. ನಾನು ಕುಡಿದೆ. ಹೊರಡುವಾಗ ನೀಲಿ ಲೋಟವನ್ನು ಮೇಜಿನ ಮೇಲೆಯೇ ಬಿಟ್ಟೆ. ಅವನು ತೆಗೆದುಕೊಂಡು ಹೋಗು ಅನ್ನಲಿಲ್ಲ, ಇರಲಿ ಅಂತಲೂ ಅನ್ನಲಿಲ್ಲ.