ಅತ್ತಿಗೆಯ ವಿಶೇಷಣಗಳು

ಹನ್ನೊಂದು ವರ್ಷ ಬಸ್ ನಿಲ್ದಾಣದ ನೆಲ ಒರೆಸಿದ ನಮ್ಮ ಅತ್ತಿಗೆಗೆ ಕಳೆದ ವರ್ಷ ಅಲ್ಲೇ ಒಂದು ಕುರ್ಚಿ ಸಿಕ್ಕಿತು. ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಪಾಡಿ, ವಾರಸುದಾರರು ಬಂದಾಗ ಒಪ್ಪಿಸುವ ಕೌಂಟರು. ಮೂರು ತಿಂಗಳು ನೋಡೋಣ ಅಂತ ಕೂರಿಸಿದ್ದರು. ನಾನಾ ಕಡೆಯ ಜನ ಓಡಾಡುವ ನಿಲ್ದಾಣವಾದ್ದರಿಂದ ಪ್ರತಿ ವಸ್ತುವಿನ ವಿವರವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಅತ್ತಿಗೆಯ ಇಂಗ್ಲಿಷು ಹತ್ತನೇ ತರಗತಿಗೇ ನಿಂತಿತ್ತು.

ಮೊದಲ ವಾರವೇ ಮೇಲ್ವಿಚಾರಕರು ರಿಜಿಸ್ಟರ್ ತಿರುವಿಹಾಕಿದರು. ‘ನೈಸ್ ಬ್ಯಾಗ್.’ ‘ಗುಡ್ ಅಂಬ್ರೆಲಾ.’ ‘ವೆರಿ ನೈಸ್ ಬ್ಯಾಗ್.’

“ಅಲ್ಲಮ್ಮ, ಎಲ್ಲ ಛತ್ರಿನೂ ಗುಡ್ ಅಂದ್ರೆ ಯಾವುದು ಯಾರದ್ದು ಅಂತ ಹುಡುಕೋದು ಹೇಗೆ?” ಎಂದರು. ಬೈಯಲಿಲ್ಲ. ಅದೇ ಅತ್ತಿಗೆಗೆ ಹೆಚ್ಚು ನಾಟಿತು.

ಅಂದು ಸಂಜೆ ಬ್ಯಾಗನ್ನೂ ಕೆಳಗಿಡದೆ ನನ್ನೆದುರು ಬಂದು ಕೂತರು. “ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಹೇಳಿಕೊಡ್ತೀಯ. ನನಗೂ ಒಂದಿಷ್ಟು ಹೇಳಿಕೊಡು.”

“ನೈಸ್ ಅನ್ನೋದು ನಿಮ್ಮ ಅಭಿಪ್ರಾಯ ಅತ್ತಿಗೆ. ಕಳಕೊಂಡವರಿಗೆ ಅದು ಬೇಡ, ಕಣ್ಣಿಗೆ ಕಾಣೋದನ್ನ ಬರೀರಿ. ಮೊದಲು ಎಷ್ಟು ದೊಡ್ಡದು, ಆಮೇಲೆ ಹೊಸದೋ ಹಳೇದೋ, ಆಮೇಲೆ ಆಕಾರ, ಬಣ್ಣ, ಕೊನೆಗೆ ಯಾತರಿಂದ ಮಾಡಿದ್ದು ಅಂತ.”

“ಈ ಸಾಲು ತಪ್ಪಿದ್ರೆ?”

“ಅರ್ಥವೇನೋ ಆಗುತ್ತೆ. ಆದ್ರೆ ಅಂಗಿ ಮೇಲೆ ಬನಿಯನ್ ಹಾಕ್ಕೊಂಡ ಹಾಗಿರುತ್ತೆ.”

ಅತ್ತಿಗೆ ‘ಸ್ಮಾಲ್ ಸ್ಮಾಲ್ ಬಟನ್ಸ್’ ಎಂದು ಬರೆದರು. ಇಂಗ್ಲಿಷಿನಲ್ಲಿ ಸ್ಮಾಲ್ ಒಂದೇ ಸಲ ಸಾಕು ಎಂದೆ. “ಜಿಪುಣ ಭಾಷೆ ಕಣೇ ಇದು” ಎಂದು ಒಂದನ್ನು ಹೊಡೆದುಹಾಕಿದರು.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಬರೀ ಲೋಟ ಅನ್ನುವುದೇ ಇರಲಿಲ್ಲ. ಬಿಗ್ ಓಲ್ಡ್ ಸ್ಟೀಲ್ ಲೋಟ. ಅಣ್ಣನನ್ನೂ ಬಿಡಲಿಲ್ಲ. ‘ಎ ಬಿಗ್ ಓಲ್ಡ್ ರೌಂಡ್ ಹಸ್ಬೆಂಡ್’ ಎಂದಾಗ ಅಣ್ಣ ಕೇಳಿಸದವನಂತೆ ಊಟ ಮುಂದುವರಿಸಿದ.

ಏಳನೆಯ ವಾರ, ಒಂದು ಮಧ್ಯಾಹ್ನ, ಕೌಂಟರಿಗೆ ವಯಸ್ಸಾದ ವಿದೇಶಿಯೊಬ್ಬರು ಬಂದರು. ನಮ್ಮ ಭಾಷೆ ಬಾರದು, ಕಿವಿಯೂ ಕೇಳದು. ಕಳೆದುಹೋದದ್ದು ಶ್ರವಣಯಂತ್ರವೇ. ಮಾತು ಸಾಗದೆ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದರು: ಯಂತ್ರ ಒಂದು ಸಣ್ಣ ನೀಲಿ ತಗಡಿನ ಡಬ್ಬಿಯಲ್ಲಿದೆ. ಮಗಳಿಗೆ ಹೆರಿಗೆಯಾಗಿದೆ, ಮೊಮ್ಮಗುವನ್ನು ನೋಡಲು ಹೊರಟಿದ್ದೇನೆ, ಅದರ ಅಳು ಕೇಳಬೇಕು.

ಅತ್ತಿಗೆ ಪುಟ ತಿರುವಿದರು. ಅವರದೇ ಅಕ್ಷರದಲ್ಲಿ ಇತ್ತು: ‘ಎ ಸ್ಮಾಲ್ ಓಲ್ಡ್ ಓವಲ್ ಬ್ಲೂ ಟಿನ್ ಬಾಕ್ಸ್.’ ಸಾಲನ್ನು ತೋರಿಸಿದಾಗ ಮುದುಕರು ಕಣ್ಣರಳಿಸಿದರು. ಆದರೆ ಡಬ್ಬಿ ಗೋದಾಮಿನಲ್ಲಿತ್ತು, ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು. ಅರ್ಧ ಗಂಟೆ ಕಾಯಬೇಕು. ಗೋಡೆ ನೋಡುತ್ತ ಕೂತ ಮುದುಕರನ್ನು ಕಂಡು ಅಯ್ಯೋ ಪಾಪ ಅನ್ನಿಸಿ, ಅತ್ತಿಗೆ ಬರೆದರು: ‘ಸಾರಿ. ಯು ಆರ್ ಬೋರಿಂಗ್.’

ಮುದುಕರು ಓದಿದರು. ಭುಜ ಕುಲುಕಿಸಿ ನಕ್ಕು, ಕೆಳಗೆ ಬರೆದರು: ‘ನಲವತ್ತು ವರ್ಷದಿಂದ ನನ್ನ ಹೆಂಡತಿಯೂ ಇದನ್ನೇ ಹೇಳುತ್ತಿದ್ದಾಳೆ.’ ಆಮೇಲೆ ಬೋರಿಂಗ್ ಹೊಡೆದು ‘ಬೋರ್ಡ್’ ಎಂದು ತಿದ್ದಿದರು. ಬೇಸರ ಹಿಡಿಸುವವನು ಬೋರಿಂಗ್, ಬೇಸರ ಹಿಡಿದವನು ಬೋರ್ಡ್. ಅತ್ತಿಗೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ. ಆದರೆ ಮುದುಕರು ಪೆನ್ನನ್ನು ಮತ್ತೆ ಅವರ ಕೈಗೇ ಕೊಟ್ಟರು. ಗೋದಾಮಿನವರು ಬರುವ ಹೊತ್ತಿಗೆ ಹಾಳೆಯ ಎರಡೂ ಬದಿ ತುಂಬಿತ್ತು.

ಗೋದಾಮಿನ ಕಪಾಟಿನಲ್ಲಿ ನೀಲಿ ಡಬ್ಬಿಗಳು ನಾಲ್ಕಿದ್ದವು. ಹಳೆಯದು, ಅಂಡಾಕಾರದ್ದು, ತಗಡಿನದು ಒಂದೇ. ಮುದುಕರು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, ಏನಾದರೂ ಮಾತಾಡಿ ಎಂದು ಕೈಸನ್ನೆ ಮಾಡಿದರು. ಅತ್ತಿಗೆ ಹೊರಗಿನವರ ಮುಂದೆ ಇಂಗ್ಲಿಷಿನಲ್ಲಿ ಬಾಯಿಬಿಟ್ಟವರೇ ಅಲ್ಲ. ಡಬ್ಬಿ ನೋಡಿದರು. “ದಿ ಲಿಡ್ ಈಸ್ ಲೂಸ್. ಬಿ ಕೇರ್‌ಫುಲ್,” ಎಂದರು.

“ಕ್ಲಿಯರ್,” ಎಂದರು ಮುದುಕರು. “ವೆರಿ ಕ್ಲಿಯರ್.”

ಮೂರು ತಿಂಗಳಾಗುತ್ತಲೇ ಕುರ್ಚಿ ಖಾಯಂ ಆಯಿತು. ಈಗ ಅತ್ತಿಗೆ ವಿಚಾರಣಾ ಕೌಂಟರಿನ ಹುದ್ದೆಗೂ ಅರ್ಜಿ ಬರೆಯುತ್ತಿದ್ದಾರೆ, ಇಂಗ್ಲಿಷಿನಲ್ಲೇ. ನಿನ್ನೆ ಕರಡು ತಂದು ತೋರಿಸಿದರು. ಮೊದಲ ಸಾಲೇ ‘ಐ ವರ್ಕ್ ಹಾರ್ಡ್ಲಿ’. ಹಾಗೆಂದರೆ ಕೆಲಸವನ್ನೇ ಮಾಡುವುದಿಲ್ಲ ಎಂದಾಗುತ್ತದೆ ಎಂದೆ.

“ಕೊಡು ಇಲ್ಲಿ,” ಎಂದು ಕಸಿದುಕೊಂಡು, ನಗುತ್ತಲೇ ತಿದ್ದಲು ಕೂತರು.