ಓ ಅನ್ನಬೇಡ

ಗೌರಮ್ಮನ ಬಾಯಿಗೆ ಬಿಳೇಕಹಳ್ಳಿಯ ನಾಯಿಗಳೇ ಬಾಲ ಮುದುರುತ್ತಿದ್ದವು, ಇನ್ನು ಬಾಡಿಗೆಗಿದ್ದ ಮಧುಮತಿಯ ಪಾಡೇನು! ವಿಜಯಪುರದ ಕಡೆಯಿಂದ ಬಂದು ಕೆಳಮನೆ ಹಿಡಿದು ಎಂಟು ತಿಂಗಳಾಗಿತ್ತು. ಗಂಡ ಸಂಗಮೇಶ ಆಫೀಸಿಗೆ ಹೋದನೆಂದರೆ ಮೇಲಿನಿಂದ ಓನರ್ ಗೌರಮ್ಮನ ಪುರಾಣ ಶುರು. ಚಪ್ಪಲಿ ಅಲ್ಲಿ ಯಾಕೆ, ನಲ್ಲಿ ತೊಟ್ಟಿಕ್ಕುತ್ತಿದೆ ಯಾಕೆ, ಎಲ್ಲಕ್ಕಿಂತ ಹೆಚ್ಚಾಗಿ ಅಂಗಳದ ಸಂಪಿನ ಮುಚ್ಚಳ ಸರಿಯಾಗಿ ಹಾಕಿದೆಯಾ. ಆ ಮುಚ್ಚಳದ ಮೇಲೆ ಮುದುಕಿಗೆ ಅದೇನು ಮೋಹವೋ, ದಿನಕ್ಕೆ ನಾಲ್ಕು ಸಲ ಕಾಲಿನಿಂದ ಒತ್ತಿ ನೋಡುತ್ತಿದ್ದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಸಾಕು, ಮಧುಮತಿಯ ಎದೆ ಡವಗುಟ್ಟುತ್ತಿತ್ತು. ಆ ಹೆದರಿಕೆಯಲ್ಲೇ ನಾಲ್ಕು ವರ್ಷದ ಮಗಳು ಸುರಭಿಗೆ ಒಂದು ಪಾಠ ಹೇಳಿಕೊಟ್ಟಿದ್ದಳು: ಮೇಲಿನ ಅಜ್ಜಿ ಕೂಗಿದರೆ ಓ ಅನ್ನಬೇಡ, ಸುಮ್ಮನೆ ಅಡಗಿಕೋ.

ಶನಿವಾರ ಮಧ್ಯಾಹ್ನ ಟ್ಯಾಂಕರ್ ಬಂತು. ನೀರು ತುಂಬಿಸಿದ ಪುಣ್ಯಾತ್ಮ ಮುಚ್ಚಳ ಹಾಕದೆ ಹೊರಟುಹೋದ. ಮಧುಮತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದಿನಲ್ಲಿ ಏನೂ ಗೊತ್ತಾಗಲಿಲ್ಲ. ಗೌರಮ್ಮ ‘ಸುರಭೀ’ ಎಂದು ಬೀದಿ ನಡುಗುವಂತೆ ಕೂಗಿದ್ದು ಕೇಳಿ ಹೊರಗೆ ಓಡಿದರೆ, ಸಂಪು ಬಾಯ್ತೆರೆದುಕೊಂಡಿತ್ತು. ಅಂಗಳದಲ್ಲಿ ಆಡುತ್ತಿದ್ದ ಮಗು ಇರಲಿಲ್ಲ. ಗೇಟಿನ ಚಿಲಕ ಹಾಕಿದ ಹಾಗೇ ಇತ್ತು.

ಮಧುಮತಿ ಒಳಗೆ ಓಡಿದಳು. ಮಂಚದ ಕೆಳಗೆ, ಬಚ್ಚಲಲ್ಲಿ, ಬಾಗಿಲ ಸಂದಿಯಲ್ಲಿ ಹುಡುಕಿದಳು. ಎಲ್ಲೂ ಇಲ್ಲ. ನಿಮ್ಮ ದನಿಗೆ ಅಂಜಿ ಎಲ್ಲೋ ಅಡಗಿರಬೇಕು ಎಂದು, ಅಂಗಳಕ್ಕೆ ಇಳಿದು ಬಂದಿದ್ದ ಗೌರಮ್ಮನೆದುರು ತೊದಲಿದಳು.

“ಹಂಗೇ ಅಂದ್ಕೊಂಡು ನಾನೂ ಕೂತಿದ್ದೆ,” ಎಂದಳು ಗೌರಮ್ಮ. “ನನ್ನ ಮಗ ಮುತ್ತುರಾಜ. ನನ್ನ ಬೈಗುಳಕ್ಕೆ ಹೆದರಿ ಬಚ್ಚಿಟ್ಕೊಂಡಿದಾನೆ, ಹಸಿವಾದ್ರೆ ಬರ್ತಾನೆ ಅಂತ. ಸಾಯಂಕಾಲ ತೋಟದ ಬಾವೀಲಿ ಸಿಕ್ದ. ಐದು ವರ್ಷ ಅವನಿಗೆ.”

ಅಷ್ಟು ಹೇಳಿ, ಅರವತ್ತೈದರ ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಂಪಿಗೆ ಇಳಿದೇಬಿಟ್ಟಳು. ಕುತ್ತಿಗೆಮಟ್ಟ ನೀರು. ಒಂದು ಕೈಯಲ್ಲಿ ಕಬ್ಬಿಣದ ಮೆಟ್ಟಿಲು ಹಿಡಿದು ಕಾಲಿನಿಂದ ತಳ ತಡಕಿದಳು. ಮಧುಮತಿ ಮೇಲೆ ಮಂಡಿಯೂರಿ ಊರ ದೇವರನ್ನೆಲ್ಲ ಕರೆಯುತ್ತಿದ್ದಳು. ಏನೋ ಸಿಕ್ಕಿತು ಎಂದು ಗೌರಮ್ಮ ಉಸಿರುಗಟ್ಟಿ ಹೇಳಿದಳು. ಮುಳುಗಿ ಎತ್ತಿದರೆ ಹಳೆಯ ಗೋಣಿತಟ್ಟು. ಅದನ್ನು ಹೊರಗೆಸೆದು ಗೌರಮ್ಮ ಮತ್ತೆ ‘ಸುರಭೀ’ ಎಂದಳು. ಎಂಟು ತಿಂಗಳಿಂದ ಕೇಳಿದ ಅದೇ ದನಿ. ಅದರಲ್ಲಿದ್ದದ್ದು ಹೆದರಿಕೆ, ತನ್ನದಕ್ಕಿಂತ ಬಹಳ ಹಳೆಯ ಹೆದರಿಕೆ ಎಂದು ಮಧುಮತಿಗೆ ಆಗ ಹೊಳೆಯಿತು.

“ನೀವು ಕರೆದ್ರ ಓ ಅನಬ್ಯಾಡ ಅಂತ ನಾನೇ ಕಲಿಸೀನ್ರಿ,” ಎಂದವಳೇ ಎದ್ದು ಮನೆಯ ಕಡೆ ತಿರುಗಿ ಕೂಗಿದಳು: “ಸುರಭಿ, ಅಜ್ಜಿಗೆ ಓ ಅನ್ನವ್ವಾ. ಬೈಯಂಗಿಲ್ಲ.”

ಮತ್ತೊಮ್ಮೆ ಕೂಗಿದಳು. ಆಮೇಲೆ, ಮೆಟ್ಟಿಲಡಿ ನಿಲ್ಲಿಸಿದ್ದ ಸ್ಕೂಟರಿನ ಹೊದಿಕೆಯೊಳಗಿಂದ ಸಣ್ಣಗೆ ಬಂತು: “ಓ.”

ಮಗುವನ್ನು ಎದೆಗವಚಿಕೊಂಡು ಬಂದು ನೋಡಿದರೆ ಗೌರಮ್ಮ ಇನ್ನೂ ನೀರಲ್ಲೇ, ಮೆಟ್ಟಿಲಿಗೆ ಹಣೆಯಿಟ್ಟು ನಿಂತಿದ್ದಳು. ಮಧುಮತಿ ಕೈಕೊಟ್ಟು ಎಳೆದಳು. ಮೇಲೆ ಬಂದವಳು ಮೊದಲು ಮುಚ್ಚಳ ಹಾಕಿದಳು. ಆಮೇಲೆ ತಾಯಿ ಮಗಳಿಬ್ಬರನ್ನೂ ಚೆನ್ನಾಗಿ ಬೈದಳು.

ಹುಟ್ಟುಗುಣ ಸುಟ್ಟರೂ ಹೋಗದು. ಗೌರಮ್ಮ ಈಗಲೂ ಕೂಗುತ್ತಾಳೆ, ಮಧುಮತಿಯ ಎದೆ ಈಗಲೂ ಒಮ್ಮೆ ಧಸಕ್ಕೆನ್ನುತ್ತದೆ. ದಿನಕ್ಕೆ ನಾಲ್ಕು ಸಲ ಮೇಲಿನಿಂದ ಕೆಲಸವಿಲ್ಲದೆ ‘ಸುರಭೀ’ ಎಂಬ ಕೂಗು. ಮಗು ಮಲಗಿದ್ದರೆ ಮಧುಮತಿಯೇ ಬಾಗಿಲಿಗೆ ಬಂದು ಓ ಅನ್ನುತ್ತಾಳೆ.