ಮುದ್ರೆಯಿಲ್ಲದ ಗಾಜು

ಗಾಜಿನವನು ಹೊಡೆಯುವ ಮೊದಲು ಕುಟ್ಟಿ ನೋಡುತ್ತಿದ್ದ. ಅಂಗಡಿಗೆ ಹೊಸ ಗಾಜು ಬಂದಾಗ ಬೆರಳ ಗೆಣ್ಣಿನಿಂದ ಟಕಟಕ ಎಂದು ಕುಟ್ಟಿ, ತಲೆ ವಾರೆ ಮಾಡಿ ಆಲಿಸುವುದು ಅವನ ರೂಢಿ. ಮನೆಯಲ್ಲಿ ಅದೇ ಗೆಣ್ಣು ಹೆಂಡತಿಯ ನೆತ್ತಿಗೆ ಬೀಳುತ್ತಿತ್ತು. "ಒಳಗೇನಾದ್ರೂ ಇದೆಯಾ, ಬರೀ ಖಾಲಿನಾ?" ಎಂದು ನಗುತ್ತಿದ್ದ. ಆ ನಗುವಿನ ಬೆನ್ನಿಗೇ ಏಟು. ಕೆಲವು ಸಲ ಏಟು ಅವಳಿಗೆ ಬೀಳದೆ ಅವಳ ಕಿವಿಯ ಪಕ್ಕದಲ್ಲಿ ಹಾದು ಬೀರುವಿನ ಬಾಗಿಲಿಗೆ ಬೀಳುತ್ತಿತ್ತು. ಬಾಗಿಲಲ್ಲಿ ಮುಷ್ಟಿಯ ಅಳತೆಯ ತಗ್ಗುಗಳಾಗಿದ್ದವು. ನೋಡಿದವರಿಗೆ ಬೀರು ಸಾಗಿಸುವಾಗ ಆದದ್ದು ಎಂದು ಅತ್ತೆ ಹೇಳುತ್ತಿದ್ದಳು.

ಮ್ಯೂಸಿಯಂಗೆ ಹೋಗುವ ಮಾತು ಅವನ ಬಾಯಿಂದಲೇ ಬಂದಿತ್ತು, ಆದರೆ ಅದನ್ನು ಅಲ್ಲಿ ಇಟ್ಟವಳು ಹೆಂಡತಿ. ಪರದೆ ಹೊಲಿಯುತ್ತ, ತಲೆ ಎತ್ತದೆ, "ನೀವು ಗಾಜು ಕೂರಿಸಿದ ಜಾಗನ ನಮ್ಮ ಬುಗುರಿ ಇನ್ನೂ ನೋಡೇ ಇಲ್ಲ" ಎಂದಷ್ಟೇ ಅಂದಿದ್ದಳು. ಬುಗುರಿ ಅವರ ಮಗಳು. ನಡೆಯಲು ಕಲಿತ ದಿನದಿಂದ ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವ ಮಗುವಿಗೆ ಆ ಹೆಸರೇ ನಿಂತುಬಿಟ್ಟಿತ್ತು. ಗಾಜಿನವನು ಎದೆ ಉಬ್ಬಿಸಿಕೊಂಡು, ಅಂಗಡಿಯ ರಜಾ ದಿನ ಎಲ್ಲರೂ ಹೋಗೋಣ ಎಂದ.

ಅವಳಿಗೆ ಬೇಕಾಗಿದ್ದದ್ದು ಆ ಕಟ್ಟಡದ ಹಿಂದಿನ ಬಾಗಿಲು. ತಿಮಿಂಗಿಲದ ಹಜಾರದ ಪಕ್ಕದಲ್ಲಿ ಶೌಚಾಲಯದ ಓಣಿ. ಓಣಿಯ ಕೊನೆಗೆ, ಶಾಲೆಯ ವ್ಯಾನುಗಳು ನಿಲ್ಲುವ ಅಂಗಳಕ್ಕೆ ತೆರೆಯುವ ಬಾಗಿಲು. ಅವಳ ಅಕ್ಕ ಶಾಲೆಯ ವ್ಯಾನ್ ಓಡಿಸುತ್ತಿದ್ದಳು. ಆ ಅಂಗಳದಲ್ಲಿ ಇನ್ನೊಂದು ವ್ಯಾನ್ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಮಗುವಿನ ಚಡ್ಡಿ ಬದಲಿಸುವ ನೆಪ ಹೇಳಿ ಓಣಿಗೆ ಹೋಗುವುದು, ಹಾಗೇ ಹೊರಟುಬಿಡುವುದು. ಮನೆಯಲ್ಲಿ ಅವನು ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಹೊರಗಿನಿಂದ.

ಮ್ಯೂಸಿಯಂ ಒಳಗೆ ಮಬ್ಬು ಬೆಳಕು, ಔಷಧಿಯ ವಾಸನೆ. ಸಾಲಾಗಿ ನಿಂತ ಪೆಟ್ಟಿಗೆಗಳಲ್ಲಿ ಹುಲ್ಲು ತುಂಬಿದ ಪ್ರಾಣಿಗಳು ಒಂದನ್ನೊಂದು ಕೊಲ್ಲುತ್ತಿದ್ದವು. ಸಿಂಹವೊಂದು ಜೀಬ್ರಾದ ಬೆನ್ನೇರಿ ಪಂಜಾ ಎತ್ತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಹೆಬ್ಬಾವು ಮೊಲವನ್ನು ಅರ್ಧ ನುಂಗಿತ್ತು. ರಕ್ತದ ಜಾಗಕ್ಕೆ ಬಣ್ಣ ಬಳಿದು ಮೇಲೆ ವಾರ್ನಿಷ್ ಹಚ್ಚಿದ್ದರು. ಅದು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ಸತ್ತ ಪ್ರಾಣಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ಅತ್ತೆ ಮೊಣಕಾಲು ನೀವಿಕೊಂಡಳು.

ಬುಗುರಿ ಸಿಂಹಕ್ಕೆ ಬೆರಳು ತೋರಿ, "ಅಪ್ಪ!" ಅಂದಿತು.

"ನೋಡಿದ್ಯಾ! ಸಿಂಹ ಕಣೇ ನಿಮ್ಮಪ್ಪ!" ಗಾಜಿನವನು ಮೀಸೆ ತಿರುವಿದ.

"ನಾನೆಲ್ಲೇ ಪುಟ್ಟಿ?" ಎಂದು ಅತ್ತೆ ಬಗ್ಗಿದಳು.

ಮಗು ಸುತ್ತ ನೋಡಿ, ಬೋಳು ಕತ್ತಿನ ರಣಹದ್ದಿನ ಕಡೆ ಕೈ ಚಾಚಿತು. ಗಾಜಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಆಹಾ, ಅಜ್ಜಿಗೆ ಸರಿಯಾಗಿ ಹೇಳ್ತು!" ಎಂದ. ಅಷ್ಟರಲ್ಲಿ ಬೆರಳು ಜೀಬ್ರಾದ ಕಡೆ ತಿರುಗಿತ್ತು. "ಅಮ್ಮ."

ಯಾರೂ ನಗಲಿಲ್ಲ. "ನಡೀರಿ, ಮುಂದೆ ಹೋಗೋಣ" ಎಂದಳು ಅತ್ತೆ.

ಅಪ್ಪ ಮಗಳಿಗೊಂದು ಆಟ ಕಲಿಸಿದ್ದ. ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ ಅಂಗಡಿಯಲ್ಲಿ ಟಫನ್ ಗಾಜು ಎನ್ನುತ್ತಿದ್ದರು. ಅದರ ಮೂಲೆಯಲ್ಲಿ ಕಾರ್ಖಾನೆಯ ಪುಟ್ಟ ಬಿಳಿ ಮುದ್ರೆ ಇರುತ್ತದೆ. "ಮುದ್ರೆ ಎಲ್ಲಿ?" ಎಂದರೆ ಬುಗುರಿ ಹುಡುಕಿ ಬೆರಳಿಟ್ಟು "ಇಲ್ಲಿ!" ಎನ್ನಬೇಕು. ಇಲ್ಲಿನ ಪೆಟ್ಟಿಗೆಗಳಲ್ಲಿ ಮುದ್ರೆ ಕೆಳಮೂಲೆಯಲ್ಲಿ, ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕಿತ್ತು. ಸಿಂಹಕ್ಕೆ "ಇಲ್ಲಿ!", ಹೆಬ್ಬಾವಿಗೆ "ಇಲ್ಲಿ!", ಕರಡಿಗೆ "ಇಲ್ಲಿ!". ಪ್ರತಿ ಸಲ ಗಾಜಿನವನು ಗಾಜಿನ ನಡುಮಧ್ಯಕ್ಕೆ ಮುಷ್ಟಿಯಿಂದ ಧಡ್ ಎಂದು ಗುದ್ದುತ್ತಿದ್ದ. ಗಾಜು ಅಲುಗುತ್ತಿರಲಿಲ್ಲ. ಶಾಲೆಯ ಮಕ್ಕಳು ಬೆಚ್ಚಿ, ಆಮೇಲೆ ಚಪ್ಪಾಳೆ ತಟ್ಟಿದರು. ಗಿರಾಕಿಗಳ ಮುಂದೆ ಅವನು ಮಾಡುವ ಪ್ರದರ್ಶನವೇ ಇದು. ಪ್ರತಿ ಗುದ್ದಿಗೂ ಅವನ ಹೆಂಡತಿಯ ಕುತ್ತಿಗೆ ತಾನಾಗಿ ಭುಜದೊಳಗೆ ಇಳಿಯುತ್ತಿತ್ತು.

ಬಾಗಿಲ ಹತ್ತಿರ ತೋಳದ ಪೆಟ್ಟಿಗೆಯಿತ್ತು. ಅದರ ಕಡೆ ಓಡಿದ ಮಗುವನ್ನು ಅವನು ರಟ್ಟೆ ಹಿಡಿದು ಎಳೆದುಕೊಂಡ. "ಅದು ಬೇಡ, ಬಾ." ಯಾಕೆಂದು ಅವಳಿಗೆ ಗೊತ್ತಿತ್ತು. ಈ ಕೆಲಸ ಹಿಡಿದಾಗ ತೋಳದ ಪೆಟ್ಟಿಗೆಗೆ ಬಂದ ಗಾಜು ಚೌಕಟ್ಟಿಗಿಂತ ಒಂದು ಬೆರಳಿನಷ್ಟು ದೊಡ್ಡದಿತ್ತು. ಟಫನ್ ಗಾಜನ್ನು ಆಮೇಲೆ ಕತ್ತರಿಸಲಾಗದು. ಗೀರಿದರೆ ಪೂರ್ತಿ ಹರಳುಹರಳಾಗಿ ಉದುರುತ್ತದೆ. ಉದ್ಘಾಟನೆ ನೆತ್ತಿಯ ಮೇಲೆ ಬಂದಿತ್ತು. ಅವನು ಸಾದಾ ಗಾಜು ಕತ್ತರಿಸಿ ಕೂರಿಸಿ ಕೈ ತೊಳೆದುಕೊಂಡಿದ್ದ. "ತೋಳ ಏನು ಒಳಗಿಂದ ಒದೆಯುತ್ತಾ?" ಎಂದು ಊಟಕ್ಕೆ ಕುಳಿತು ನಕ್ಕಿದ್ದ.

ತಿಮಿಂಗಿಲದ ಹಜಾರದಲ್ಲಿ ಸೂರಿನಿಂದ ಇಳಿಬಿಟ್ಟ ಅಸ್ಥಿಪಂಜರದ ಕೆಳಗೆ ಬೆಂಚುಗಳಿದ್ದವು. ಗಾಜಿನವನು ಸಿಗರೇಟು ಸೇದಲು ಮುಂಬಾಗಿಲಿಗೆ ಹೋದ. ಅತ್ತೆ ಬೆಂಚಿನ ಮೇಲೆ ಕುಕ್ಕರಿಸಿ, ಅಲ್ಲೇ ನಿಂತಿದ್ದ ದಪ್ಪ ಹೊಟ್ಟೆಯ ಕಾವಲುಗಾರನನ್ನು ಮಾತಿಗೆಳೆದಳು.

"ಏನಪ್ಪಾ, ದಿನಾ ಇವುಗಳ ಮುಖ ನೋಡಿ ನಿನಗೆ ಬೇಜಾರಾಗಲ್ವಾ?"

"ಇವು ಎದುರು ಮಾತಾಡಲ್ಲ ತಾಯಿ, ನೆಮ್ಮದಿ" ಎಂದ ಕಾವಲುಗಾರ. "ಆದ್ರೆ ಹೋದ ತಿಂಗಳು ಸೊಂಟ ಬಿದ್ದುಹೋಯ್ತು. ಬಾಗಿಲ ಬಿಸಿಲಿಗೆ ಚಿರತೆ ಚರ್ಮದ ಬಣ್ಣ ಹೋಗ್ತಿದೆ ಅಂತ ಸಾಹೇಬರು ಚಿರತೆನ ಒಳಗಿನ ಪೆಟ್ಟಿಗೆಗೆ ಹಾಕಿಸಿದ್ರು. ಅಲ್ಲಿದ್ದ ತೋಳನ ಬಾಗಿಲ ಹತ್ರ ತಂದ್ವಿ. ನಾವೇ ಹೊತ್ತಿದ್ದು."

ಗಾಜಿನವನ ಹೆಂಡತಿಯ ಕಿವಿಗೆ ಇದು ಬಿತ್ತು, ತಲೆಗೆ ಹೋಗಲಿಲ್ಲ. ಅವಳ ಕಣ್ಣು ಓಣಿಯ ಮೇಲಿತ್ತು. ಅವನು ಹೊರಗಿದ್ದಾನೆ. ಇದೇ ಹೊತ್ತು. ಅವಳು ಮಗು ಹೊರುವ ಬಟ್ಟೆಯ ಪಟ್ಟಿಯನ್ನು ಭುಜಕ್ಕೆ ಹಾಕಿಕೊಂಡು, ಬುಗುರಿಯನ್ನು ಸೊಂಟಕ್ಕೇರಿಸಿಕೊಂಡು ಚೀಲಕ್ಕೆ ಕೈ ಚಾಚಿದಳು. ಚೀಲ ಅತ್ತೆಯ ಮಡಿಲಲ್ಲಿತ್ತು.

"ಅತ್ತೆ, ಚಡ್ಡಿ ಒದ್ದೆಯಾಗಿದೆ, ಬದಲಾಯಿಸ್ಕೊಂಡು ಬರ್ತೀನಿ."

"ತಾಳೇ, ಬಿಸ್ಕತ್ತು ತೆಗೀತೀನಿ, ಮಗು ಹಸಿದಿದೆ." ಅತ್ತೆ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದಳು. ಕೈಗೆ ಬಂದದ್ದು ಬಿಸ್ಕತ್ತಲ್ಲ, ಅಂಚಿನಲ್ಲಿ ಎಂಜಲು ಒಣಗಿದ ಪುಟ್ಟ ತಲೆದಿಂಬು. ಅದಿಲ್ಲದೆ ಬುಗುರಿ ರಾತ್ರಿ ಮಲಗುವುದಿಲ್ಲವೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

"ಇದೇನೇ? ದಿಂಬು ಯಾಕೆ ಹೊತ್ಕೊಂಡು ಬಂದಿದ್ದೀಯಾ? ಸಾಯಂಕಾಲಕ್ಕೆ ಮನೆಗೆ ಹೋಗಲ್ವಾ ನಾವು?"

ಅತ್ತೆಯ ದನಿಯೇ ದೊಡ್ಡದು. ತಿಮಿಂಗಿಲದ ಪಕ್ಕೆಲುಬುಗಳ ಕೆಳಗೆ ಅದು ಇನ್ನಷ್ಟು ದೊಡ್ಡದಾಯಿತು. ಗಾಜಿನವನು ಆಗಲೇ ಹಿಂದಿರುಗಿ ಬೆಂಚಿನ ಹಿಂದೆ ನಿಂತಿದ್ದ. ಅವನು ದಿಂಬನ್ನು ನೋಡಿದ. ಹೆಂಡತಿಯ ಕಾಲಿನಲ್ಲಿದ್ದ, ಓಡಲು ತಕ್ಕ ಶೂ ನೋಡಿದ. ಓಣಿಯ ಕಡೆ ನೋಡಿದ. ಆಮೇಲೆ ನಕ್ಕ.

"ಅಮ್ಮಾ, ನೀನಿಲ್ಲೇ ಕೂತಿರು. ಇವಳಿಗೆ ಒಳಗಿನ ಸಾಲು ತೋರಿಸ್ಕೊಂಡು ಬರ್ತೀನಿ."

ಅವಳ ಮಣಿಕಟ್ಟು ಹಿಡಿದು ಹಿಂಡುತ್ತ ನಡೆಸಿಕೊಂಡು ಹೋದ. ನೋಡುವವರಿಗೆ ಗಂಡ ಹೆಂಡತಿ ಕೈ ಹಿಡಿದು ಹೋಗುವಂತಿತ್ತು. ಒಳಗಿನ ಸಾಲಿನಲ್ಲಿ ಜನ ಇರಲಿಲ್ಲ. ಚಿರತೆ ಜಿಂಕೆಯ ಗಂಟಲು ಕಚ್ಚಿ ಕೊಂಬೆಗೆ ಎಳೆಯುತ್ತಿತ್ತು. ಗಾಜಿನವನು ಹೆಂಡತಿಯನ್ನು ಆ ಗಾಜಿಗೆ ಒರಗಿಸಿ ಗಂಟಲಿಗೆ ಕೈ ಹಾಕಿದ. ಸೊಂಟದಿಂದ ಜಾರಿದ ಬುಗುರಿ ನೆಲಕ್ಕಿಳಿದು ತಾಯಿಯ ಕಾಲಿಗೆ ತಗುಲಿಕೊಂಡಿತು.

"ಯಾರೇ ಕಾಯ್ತಿರೋದು? ನಿನ್ನ ಅಕ್ಕನಾ?"

"ಯಾರೂ ಇಲ್ಲ ರೀ."

ಗೆಣ್ಣು ನೆತ್ತಿಗೆ ಬಿತ್ತು. ಟಕಟಕ. "ಖಾಲಿ ಅಂದ್ಕೊಂಡಿದ್ದೆ. ಒಳಗೆ ಎಷ್ಟೊಂದು ತುಂಬ್ಕೊಂಡಿದ್ದೀಯ!" ಬೆರಳುಗಳು ಬಿಗಿಯಾದವು. ಅವಳ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿದವು. "ಕೇಳಿಲ್ಲಿ. ನೀನು ಎಲ್ಲಿಗಾದ್ರೂ ಹಾಳಾಗಿ ಹೋಗು, ನಾನು ಬೇಡ ಅನ್ನಲ್ಲ. ಮಗು ನನ್ನದು. ಇವತ್ತಿಂದ ಅದರ ಮುಖ ನಿನಗೆ ತೋರಿಸಿದ್ರೆ ಕೇಳು."

ಅವಳು ಉಗುರಿನಿಂದ ಅವನ ಕೈ ಗೀರಿದಳು. ಅವನು ಬಿಟ್ಟ. ಬಿಟ್ಟ ಕೈಯಲ್ಲೇ ಅವಳ ಬಾಯಿಗೆ ಬಾರಿಸಿದ. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು.

ಗಲಾಟೆಯಾದಾಗ ಮಕ್ಕಳು ತಮಗೆ ಗೊತ್ತಿರುವುದನ್ನು ಮಾಡುತ್ತಾರೆ. ಬುಗುರಿಗೆ ಅಪ್ಪನ ಮುಖ ಅರಳಿಸುವ ಒಂದೇ ದಾರಿ ಗೊತ್ತಿತ್ತು. ಅದು ಗಾಜಿನ ಕೆಳಮೂಲೆಗೆ ಕೈ ಇಟ್ಟು ಸವರಿತು. ಇನ್ನೊಂದು ಮೂಲೆಗೆ ಹೋಗಿ ಅಲ್ಲೂ ಸವರಿತು. "ಅಪ್ಪಾ, ಇಲ್ಲ" ಎಂದಿತು. ಅಳು ಬೆರೆತ ದನಿಯಲ್ಲಿ ಮತ್ತೆ, "ಅಪ್ಪಾ, ಮುದ್ದೆ ಇಲ್ಲ."

"ಬಾಯಿ ಮುಚ್ಚು!" ಎಂದು ಅಪ್ಪ ಗದರಿಸಿದ.

ಕಾವಲುಗಾರನ ಮಾತು ಅವಳ ತಲೆಗೆ ಈಗ ಹೋಯಿತು. ಇದು ತೋಳ ಇದ್ದ ಪೆಟ್ಟಿಗೆ. ಪೆಟ್ಟಿಗೆಯನ್ನಲ್ಲ, ತೋಳವನ್ನು ಗುರುತಿಟ್ಟುಕೊಂಡಿದ್ದ ಅವನು ಬಾಗಿಲ ಬಳಿ ಅದನ್ನು ಕಂಡು ಹೆದರಿದ್ದು ವ್ಯರ್ಥ. ಸಾದಾ ಗಾಜು ಅವಳ ಬೆನ್ನ ಹಿಂದಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು ಭುಜ ತಿರುವಿದ. ಮುಂದೇನೆಂದು ಅವಳಿಗೆ ಗೊತ್ತಿತ್ತು. ಮುಷ್ಟಿ ಕಿವಿಯ ಪಕ್ಕ ಹಾದು ಹಿಂದಿನದಕ್ಕೆ ಬೀಳುತ್ತದೆ, ಬೀರುವಿಗೆ ಬಿದ್ದ ಹಾಗೆ. ಒಂದು ಮಾತು ಹೇಳುವಷ್ಟು ಹೊತ್ತಿತ್ತು. ಅವಳು ಹೇಳಲಿಲ್ಲ. ಕುಸಿದು ಕುಳಿತು ಮಗುವನ್ನು ಸೆಳೆದು ಹೊಟ್ಟೆಯೊಳಗೆ ಅದುಮಿಕೊಂಡು, ಬೆನ್ನು ಬಾಗಿಸಿ ಪಕ್ಕಕ್ಕೆ ಉರುಳಿದಳು.

ಗಾಜು ಒಡೆದ ಸದ್ದಿಗೆ ಇಡೀ ಕಟ್ಟಡ ಬಾಯಿ ತೆರೆದಂತಾಯಿತು.

ಅವನ ತೋಳು ಮೊಣಕೈವರೆಗೆ ಒಳಗೆ ಹೋಗಿ ಮುಷ್ಟಿ ಚಿರತೆಯ ಪಕ್ಕೆಗೆ ತಾಗಿತು. ಅಲ್ಲಿಯವರೆಗೆ ಆದದ್ದು ಬರೀ ತರಚು ಗಾಯ. ಒಡೆದ ಗಾಜಿನಿಂದ ಕೈ ಹಿಂದಕ್ಕೆಳೆಯಬಾರದು, ಮೇಲಿನ ಚೂರು ಕಾದಿರುತ್ತದೆ ಎಂದು ಹೊಸ ಕೆಲಸಗಾರರಿಗೆಲ್ಲ ಅವನು ಬೈದು ಕಲಿಸುತ್ತಿದ್ದ. ಸಿಟ್ಟಿನಲ್ಲಿ ಅವನೇ ಎಳೆದ. ಚೌಕಟ್ಟಿಗೆ ಕಚ್ಚಿಕೊಂಡಿದ್ದ ಮೇಲಿನ ಚೂರು ಕತ್ತಿಯಂತೆ ಇಳಿದು ಮುಂಗೈಯ ಒಳಮೈಯನ್ನು ಉದ್ದಕ್ಕೆ ಸೀಳಿತು. ರಕ್ತ ಸುರಿಯಲಿಲ್ಲ, ಚಿಮ್ಮಿತು. ಚಿರತೆಯ ಮುಖಕ್ಕೆ, ಜಿಂಕೆಯ ಕತ್ತಿಗೆ, ವಾರ್ನಿಷ್ ಹಚ್ಚಿದ ಬಣ್ಣದ ಮೇಲೆ. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಗೋಡೆಗೆ ಜಾರಿ ಕುಳಿತ.

ಅವಳು ಎದ್ದಳು. ಬುಗುರಿಗೆ ಗಾಯವಾಗಿಲ್ಲವೆಂದು ಕೈಕಾಲು ಸವರಿ ನೋಡಿದಳು. ತನ್ನ ಬೆನ್ನಿನ ಬಟ್ಟೆಯಲ್ಲಿ ಚೂರುಗಳು ಚುಚ್ಚಿಕೊಂಡಿದ್ದವು. ಸಾಲಿನ ತುದಿಯಲ್ಲೇ ಓಣಿ ಕಾಣುತ್ತಿತ್ತು. ಮಗುವನ್ನು ಎತ್ತಿಕೊಂಡು ನಡೆದಿದ್ದರೆ ಯಾರೂ ತಡೆಯುತ್ತಿರಲಿಲ್ಲ.

"ಅಪ್ಪ" ಎಂದಿತು ಬುಗುರಿ, ರಕ್ತಕ್ಕೆ ಬೆರಳು ತೋರಿ.

ಅವಳು ಹಿಂದಿರುಗಿ ಅವನ ಪಕ್ಕ ಕುಳಿತಳು. ಗಾಜಿನ ಕೆಲಸದವನ ಹೆಂಡತಿಗೆ ಗಾಯ ಹೊಸದಲ್ಲ. ಹಿಂದೆಯೂ ಅವನ ಕೈ ಕಟ್ಟಿದ್ದಳು. ಮಗುವನ್ನು ಹೊರುವ ಬಟ್ಟೆಯ ಪಟ್ಟಿಯನ್ನು ಭುಜದಿಂದ ಬಿಚ್ಚಿ, ಅವನ ಮೊಣಕೈ ಮೇಲೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಪಟ್ಟಿಯ ಜೇಬಿನಲ್ಲಿದ್ದ, ಮಗುವಿಗೆ ತಿನ್ನಿಸುವ ಸ್ಟೀಲ್ ಚಮಚವನ್ನು ಗಂಟಿನೊಳಗೆ ತೂರಿಸಿ ತಿರುವಿದಳು. ಅವನು ಕಿರುಚಿದ. ಚಿಮ್ಮುವುದು ನಿಲ್ಲುವವರೆಗೂ ತಿರುವಿದಳು.

"ನೀನು... ನಿನಗೆ ಗೊತ್ತಿತ್ತು" ಎಂದ ಅವನು, ಹಲ್ಲು ಕಡಿಯುತ್ತ.

"ಮಗು ಹೇಳ್ತಲ್ಲ ರೀ" ಎಂದಳು ಅವಳು. "ನೀವು ಕೇಳಿಸ್ಕೊಳ್ಳಲಿಲ್ಲ."

ಕಾವಲುಗಾರ ಏದುಸಿರು ಬಿಡುತ್ತ ಓಡಿ ಬಂದ. ಅವನ ಹಿಂದೆ ಚೀಲ ಅಪ್ಪಿಕೊಂಡು ಅತ್ತೆ. ಹೆಂಡತಿ ಕಾವಲುಗಾರನ ಕೈ ಹಿಡಿದು ಚಮಚದ ಮೇಲಿಟ್ಟಳು. "ಇದನ್ನ ಬಿಡಬೇಡಿ. ಸಡಿಲ ಮಾಡಿದ್ರೆ ಸಾಯ್ತಾರೆ. ಅವರ ಕೈ ಎತ್ತಿದ ಹಾಗೇ ಇರ್ಲಿ. ಆಂಬುಲೆನ್ಸ್ ಕರೆಸಿ."

"ಅಯ್ಯೋ ನನ್ನ ಮಗನೇ! ಮನೆ ಹಾಳಿ, ಏನು ಮಾಡ್ದೆ ನನ್ನ ಮಗನ್ನ?" ಎಂದು ಅತ್ತೆ ಕಿರುಚಿ, ಚೀಲದಿಂದ ದಿಂಬು ಎಳೆದು ಮಗನ ತೋಳಿನ ಕೆಳಗೆ ಇಟ್ಟಳು. ದಿಂಬು ಕಣ್ಣ ಮುಂದೆಯೇ ಕೆಂಪಾಯಿತು. ಅವನು ಎದ್ದೇಳಲು ಹೋದ.

"ಅಲ್ಲಾಡಬೇಡ್ರೀ!" ಎಂದು ಕಾವಲುಗಾರ ಅವನ ಎದೆಗೆ ಮೊಣಕಾಲು ಊರಿದ.

ಗಾಜಿನವನು ಮಿಸುಕಲಾಗದೆ, ಹೆಂಡತಿ ಮಗುವನ್ನು ಎತ್ತಿಕೊಳ್ಳುವುದನ್ನು ನೋಡಿದ. ಓಣಿಗೆ ತಿರುಗುವುದನ್ನೂ ನೋಡಿದ. ಅವನ ಬೈಗುಳ ಬಾಗಿಲವರೆಗೆ ಅವಳ ಬೆನ್ನು ಹತ್ತಿತು.

ಅಂಗಳದಲ್ಲಿ ಅಕ್ಕ ವ್ಯಾನಿನ ಎಂಜಿನ್ ಬಂದ್ ಮಾಡದೆ ಕುಳಿತಿದ್ದಳು. ತಂಗಿಯ ಬಾಯಿ, ಬಟ್ಟೆ, ಮೊಣಕೈವರೆಗೆ ಕೆಂಪಾದ ಕೈ ಕಂಡು ಅವಳ ಮುಖ ಬಿಳಿಚಿಕೊಂಡಿತು.

"ನಿಂದೇನೇ ಇಷ್ಟು ರಕ್ತ?"

"ತುಟಿದು ನಂದು. ಮಿಕ್ಕಿದ್ದು ಅವರದು. ನಡಿ ಅಕ್ಕಾ."

ಅಕ್ಕ ವ್ಯಾನನ್ನು ಗೇಟಿನಾಚೆ ದಾಟಿಸಿದಳು. ಆಮೇಲೆ ಕೇಳಿದಳು, "ಸತ್ತನಾ?"

"ಇಲ್ಲ. ಕಟ್ಟಿ ಬಂದೆ."

"ನಾನಾಗಿದ್ರೆ ಬಿಟ್ಟು ಬರ್ತಿದ್ದೆ. ನಿನ್ನ ಗಂಟಲ ಮೇಲೆ ಅವನ ಬೆರಳು ಎದ್ದು ಕಾಣ್ತಿದೆ, ಕಟ್ಟಿ ಬಂದಳಂತೆ! ಯಾವ ಕರ್ಮಕ್ಕೆ?"

"ಮಗು ನೋಡ್ತಿತ್ತು."

ಅಕ್ಕ ಗೇರ್ ಬದಲಿಸಿದಳು. ಎದುರಿನಿಂದ ಆಂಬುಲೆನ್ಸ್ ಕೂಗುತ್ತ ಬಂದು ಅವರನ್ನು ದಾಟಿ ಹೋಯಿತು. ಬುಗುರಿ ಸೀಟಿನ ಮೇಲೆ ನಿಂತು ದಿಂಬು ಕೇಳಿತು. ದಿಂಬಿಲ್ಲ ಎಂದಳು ತಾಯಿ. ಮಗು ತುಟಿ ಊದಿಸಿ ಅಳಲು ಅಣಿಯಾಗಿ, ಕಿಟಕಿಯ ಕಡೆ ತಿರುಗಿ, ಅಲ್ಲೇ ನಿಂತಿತು. ರಕ್ತ ಒಣಗಿದ ಪುಟ್ಟ ಬೆರಳು ವ್ಯಾನಿನ ಗಾಜಿನ ಕೆಳಮೂಲೆಗೆ ಹೋಯಿತು.

"ಅಮ್ಮಾ, ಇಲ್ಲಿ!"

ತಾಯಿ ಬಗ್ಗಿ ನೋಡಿದಳು. ಬಿಳಿ ಮುದ್ರೆ ಇತ್ತು. "ಹೌದು, ಇದೆ" ಎಂದಳು. ಮಗು ಮುಷ್ಟಿ ಕಟ್ಟಿ ಗುದ್ದಲು ಕೈ ಎತ್ತಿತು. ಅವಳು ಆ ಮುಷ್ಟಿಯನ್ನು ಗಾಳಿಯಲ್ಲೇ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.